ತೈವಾನಿನಲ್ಲಿ ನಮಗೆ ತಿನ್ನೋಕೆ ಏನು ಸಿಗ್ತದೆ?

ತೈವಾನಿಗೆ ಹೊರಟ ನಮ್ಮ ಕಡೆಯವರು ಯಾರೇ ಫೋನ್ ಮಾಡಲಿ, ವೀಸಾ, ಮಳೆ, ಚಳಿಯ ವಿಚಾರವೆಲ್ಲ ಆಮೇಲೆ. ಮೊದಲ ಪ್ರಶ್ನೆ ಊಟದ್ದೇ: "ಅಲ್ಲಿ ನಮಗೆ ತಿನ್ನೋಕೆ ಏನು ಸಿಗ್ತದೆ?" ಆ ಪ್ರಶ್ನೆಯೊಳಗಿನ ಅಂಜಿಕೆ ನನಗೆ ಗೊತ್ತು. ಏಳು ವರ್ಷದ ಹಿಂದೆ ಕೆಲಸಕ್ಕೆಂದು ಶಿಂಚು ಊರಿಗೆ ಬಂದಿಳಿದಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿದ್ದು ಅವಲಕ್ಕಿ, ಸಾರಿನಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಜೊತೆಗೊಂದು ಇಂಗಿನ ಡಬ್ಬಿ. ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಯವಳು ನಾನು. ಮೀನು, ಮಾಂಸ ತಿಂದು ಗೊತ್ತಿಲ್ಲ, ಈಗಲೂ ತಿನ್ನುವುದಿಲ್ಲ. ಹಾಗಾಗಿ ಇಲ್ಲಿ ನಾನು ತಿಂದಿದ್ದರ ರುಚಿ ಹೇಳುತ್ತೇನೆ, ತಿನ್ನದೇ ಇದ್ದುದರ ಕತೆಯನ್ನಷ್ಟೇ ಹೇಳುತ್ತೇನೆ. ಎಲ್ಲವನ್ನೂ ತಿನ್ನುವವರಿಗೂ ಆ ಕತೆ ಗೊತ್ತಿದ್ದರೆ ಬಟ್ಟಲಿನ ರುಚಿ ಬೇರೆಯಾದೀತು ಅಂತ ನನ್ನ ನಂಬಿಕೆ.

ಆ ಇಂಗಿನ ಡಬ್ಬಿಯಿಂದಲೇ ಶುರು ಮಾಡುತ್ತೇನೆ.

ನನ್ನ ಆಫೀಸಿನ ಹತ್ತಿರ ಒಂದು ಸಸ್ಯಾಹಾರಿ ಊಟದಂಗಡಿ ಇದೆ. ಇಪ್ಪತ್ತು ಇಪ್ಪತ್ತೈದು ಬಗೆಯ ಪಲ್ಯಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಬೇಕಾದ್ದನ್ನು ನಾವೇ ಬಡಿಸಿಕೊಂಡು ತಕ್ಕಡಿಯ ಮೇಲಿಟ್ಟರೆ ತೂಕ ನೋಡಿ ದುಡ್ಡು ಹೇಳುತ್ತಾರೆ. ನಡೆಸುವವರು ಅರವತ್ತು ದಾಟಿದ ಒಬ್ಬ ಹೆಂಗಸು. ಇಲ್ಲಿ ಅಂಗಡಿಯ ಹಿರಿಯ ಹೆಂಗಸರನ್ನು ಎಲ್ಲರೂ ಕರೆಯುವುದು 'ಅಯಿ' ಎಂದು, ಚಿಕ್ಕಮ್ಮ ಅನ್ನುವ ಹಾಗೆ. ನಮ್ಮ ಮನೆಗಳಲ್ಲಿ ಅಮ್ಮನಿಗೆ 'ಆಯಿ' ಅನ್ನುತ್ತೇವೆ. ಮೊದಲ ವಾರ ಆ ಅಂಗಡಿಯಲ್ಲಿ ಹಿಂದಿನಿಂದ ಯಾರೋ "ಅಯೀ" ಎಂದು ಕೂಗಿದಾಗ ತಟ್ಟೆ ಹಿಡಿದುಕೊಂಡೇ ಗಕ್ಕನೆ ತಿರುಗಿದ್ದೆ. ಆವತ್ತು ಊಟ ಗಂಟಲಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಪರಿಚಯ ಬೆಳೆದ ಮೇಲೆ ಒಂದು ದಿನ ಅವರಿಗೆಂದು ಟೊಮೆಟೊ ಸಾರು ಮಾಡಿ ಒಯ್ದೆ. ಮುಚ್ಚಳ ತೆಗೆದವರು ಮೂಸಿ ನೋಡಿ, ಇದಕ್ಕೇನು ಹಾಕಿದ್ದೀ ಎಂದರು. ನಮ್ಮ ಮನೆಯ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಅದರ ಬದಲು ಇಂಗು ಎಂದು ಹೆಮ್ಮೆಯಿಂದ ಹೇಳಿದೆ. ಜೊತೆಗಿದ್ದ ಸಹೋದ್ಯೋಗಿ ಫೋನಿನಲ್ಲಿ ಪದ ಹುಡುಕಿ ತೋರಿಸಿದಳು. ಅಯಿ ಮೆಲ್ಲಗೆ ಮುಚ್ಚಳ ಮುಚ್ಚಿದರು. ಇಲ್ಲಿನ ಬೌದ್ಧ ಸಸ್ಯಾಹಾರಿಗಳು ಬಿಡುವ ಘಾಟು ಪದಾರ್ಥಗಳು ಐದು. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಅದೇ ಜಾತಿಯ ಇನ್ನೆರಡು, ಐದನೆಯದು 'ಶಿಂಗ್‌ಛು'. ಆ ಶಬ್ದ ಸಂಸ್ಕೃತದ 'ಹಿಂಗು'ವೇ, ಧರ್ಮಗ್ರಂಥಗಳ ಜೊತೆ ನಮ್ಮ ಕಡೆಯಿಂದ ಹೋದದ್ದು. ಇಂಗು ಕಂಡಿರದ ನಾಡಿನಲ್ಲಿ ಜನ ಅದನ್ನು ಈರುಳ್ಳಿ ಗಡ್ಡೆ ಎಂದು ತಿಳಿದುಕೊಂಡರು. ನಮ್ಮ ಮಡಿ ಅಡುಗೆಯ ಜೀವವೇ ಆದ ಇಂಗು ಇಲ್ಲಿ ವ್ರತ ಕೆಡಿಸುವ ಪಟ್ಟಿಯಲ್ಲಿದೆ! ಮರುದಿನ ಅಯಿ ನನ್ನ ಪಾತ್ರೆ ತೊಳೆದು, ಅದರ ತುಂಬ ಅಣಬೆ ಮತ್ತು ಕೆಂಪು ಖರ್ಜೂರದಂಥ ಹಣ್ಣಿನ ಬಿಸಿ ಸೂಪು ತುಂಬಿಸಿ ಕೊಟ್ಟರು. ಘಾಟು ಇಲ್ಲ, ಖಾರ ಇಲ್ಲ. ಶುಂಠಿಯ ಒಂದು ಎಳೆ, ಅಷ್ಟೇ. ಬೇಡುವ ನಾಲಗೆಯನ್ನು ಸುಮ್ಮನಿರಿಸಿ ಕುಡಿಯಬೇಕಾದ ರುಚಿ ಅದು, ಕಲಿಯಲು ನನಗೆ ವರ್ಷ ಬೇಕಾಯಿತು.

ಸಸ್ಯಾಹಾರಕ್ಕೆ ಇಲ್ಲಿ 'ಸು' ಅನ್ನುತ್ತಾರೆ. ಆ ಅಕ್ಷರದ ಹಳೆಯ ಅರ್ಥ ಬಣ್ಣ ಹಾಕದ ರೇಷ್ಮೆ. "ವೋ ಚಿ ಸು", ನಾನು ಸಸ್ಯಾಹಾರಿ, ಇದೊಂದು ಮಾತು ಬಾಯಿಪಾಠ ಮಾಡಿಕೊಂಡು ಬನ್ನಿ. ಅಂಗಡಿಯ ಬೋರ್ಡಿನಲ್ಲಿ ಎಡಕ್ಕೆ ತಿರುಗಿದ ಸ್ವಸ್ತಿಕ ಕಂಡರೆ ಕಣ್ಣುಮುಚ್ಚಿ ಒಳಗೆ ಹೋಗಬಹುದು, ಅದು ಬೌದ್ಧ ಸಸ್ಯಾಹಾರದ ಗುರುತು. ಪ್ಯಾಕೆಟ್ ತಿಂಡಿಗಳ ಮೇಲೆ ಶುದ್ಧ ಸಸ್ಯ, ಮೊಟ್ಟೆ ಇರುವುದು, ಹಾಲು ಇರುವುದು, ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿ ಇರುವುದು ಎಂದು ಐದು ಬಗೆಯಾಗಿ ಬರೆಯುತ್ತಾರೆ. ನಮ್ಮಲ್ಲಿ ಏಕಾದಶಿ ಹಿಡಿದಂತೆ ಇಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೆಯ ದಿನ ಸಸ್ಯಾಹಾರ ಹಿಡಿಯುವವರು ಬಹಳ. ಆ ದಿನಗಳಲ್ಲಿ ಅಯಿಯ ಅಂಗಡಿಯ ಸಾಲು ರಸ್ತೆಗೆ ಬರುತ್ತದೆ. ಒಂದೆರಡು ಎಚ್ಚರಿಕೆ: ಮಾಮೂಲಿ ಅಂಗಡಿಯಲ್ಲಿ ಬರೀ ಸೊಪ್ಪು ಹುರಿದದ್ದಕ್ಕೂ ಹಂದಿ ಕೊಬ್ಬು ಬಿದ್ದಿರಬಹುದು, ನೂಡಲ್ಸ್ ಸಾರು ಎಲುಬಿನದೇ ಆಗಿರುತ್ತದೆ. ಹಾಗೇ ಸಸ್ಯಾಹಾರಿ ಅಂಗಡಿಯಲ್ಲಿ ಸಿಗಡಿಯ ಆಕಾರದ್ದು, ಮಾಂಸದ ಎಳೆಯಂಥದ್ದು ಕಂಡರೆ ಗಾಬರಿ ಬೇಡ, ಅದು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು. ನನಗೆ ಅವು ಇಂದಿಗೂ ಹಿಡಿಸಿಲ್ಲ. ತರಕಾರಿ ತರಕಾರಿಯಾಗಿಯೇ ಚೆಂದ.

ಇನ್ನು ಬೀದಿಗೆ ಬರೋಣ. ಬಂದವರೆಲ್ಲ ತೈಪೆಯ ಶಿಲಿನ್ ನೈಟ್ ಮಾರ್ಕೆಟ್ಟಿಗೆ ಓಡುತ್ತಾರೆ. ಹೋಗಲಿ, ತಪ್ಪಲ್ಲ. ಆದರೆ ನನ್ನ ಕೇಳಿದರೆ ದೇವಸ್ಥಾನದ ಎದುರು ಹುಟ್ಟಿದ ಪೇಟೆಗಳಿಗೆ ಹೋಗಿ ಅನ್ನುತ್ತೇನೆ. ತೈಪೆಯಲ್ಲೇ ರಾವ್ಹ ಬೀದಿ ಶುರುವಾಗುವುದು ಒಂದು ಗುಡಿಯ ಪಕ್ಕದಲ್ಲಿ, ಕೀಲುಂಗ್ ಬಂದರಿನ ಪೇಟೆಯ ಹೆಸರೇ 'ಗುಡಿಯ ಬಾಗಿಲು'. ನಮ್ಮ ಶಿಂಚುವಿನಲ್ಲಿ ಊರದೇವರು ಚೆಂಗ್‌ಹ್ವಾಂಗ್‌ನ ಗುಡಿ ಇದೆ, 1748ರಲ್ಲಿ ಕಟ್ಟಿದ್ದು. ಊರಿನವರ ಪಾಪಪುಣ್ಯದ ಲೆಕ್ಕ ಇಡುವ ದೇವರು ಅವನು. ಅವನ ಅಂಗಳದ ಸುತ್ತಲೂ ಒಲೆಗಳು. ಊದಿನಕಡ್ಡಿಯ ಹೊಗೆ, ಬಾಣಲೆಯ ಹೊಗೆ ಒಂದರೊಳಗೊಂದು ಬೆರೆತು ಮೇಲೇಳುತ್ತವೆ. ಜಾತ್ರೆ ಮುಗಿದ ಮೇಲೂ ಅಂಗಡಿ ಎತ್ತದೇ ಉಳಿದುಬಿಟ್ಟ ಪೇಟೆಯ ಹಾಗೆ.

ಅಲ್ಲಿ ತಿನ್ನಬೇಕಾದ್ದು 'ಮೀಫೆನ್', ಅಂದರೆ ಅಕ್ಕಿ ಶ್ಯಾವಿಗೆ. ಶಿಂಚು ಗಾಳಿಯ ಊರು. ಚಳಿಗಾಲ ಹತ್ತಿರವಾಗುತ್ತಿದ್ದಂತೆ ಈಶಾನ್ಯದಿಂದ ಒಣಗಾಳಿ ಬೀಸತೊಡಗುತ್ತದೆ, ಕೊಡೆ ಹಿಡಿದರೆ ಕೊಡೆಯೇ ಹಾರಿಹೋಗುವಂಥದ್ದು. ಆ ಗಾಳಿಗೇ ಬಿದಿರಿನ ಚಾಪೆಗಳ ಮೇಲೆ ಶ್ಯಾವಿಗೆ ಹರವಿ ಒಣಗಿಸುತ್ತಾರೆ. ಪಕ್ಕದ ಶಿನ್‌ಪು ಊರಿನಲ್ಲಿ ಹಕ್ಕಾ ಎಂಬ ಸಮುದಾಯದ ಜನ ಇದೇ ಗಾಳಿಗೆ ಪರ್ಸಿಮನ್ ಹಣ್ಣುಗಳನ್ನು ಒಣಗಿಸುತ್ತಾರೆ, ಅಂಗಳಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ನಮ್ಮ ಮನೆಯಲ್ಲಿ ಆಯಿ ಒರಳು ಒತ್ತಿ ಮಾಡುತ್ತಿದ್ದ ಶ್ಯಾವಿಗೆ ಆ ಹೊತ್ತಿಗೇ ತಿಂದು ಮುಗಿಸುವಂಥದ್ದು, ಇವರದು ಕೂದಲೆಳೆ, ತಿಂಗಳುಗಟ್ಟಲೆ ಇಡಬಹುದಾದದ್ದು. ಅಣಬೆ, ಕ್ಯಾರೆಟ್, ಎಲೆಕೋಸು ಹಾಕಿ ಹುರಿದ 'ಸು' ಮೀಫೆನ್ ಸಿಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಮಾಂಸ ತಿನ್ನುವವರು ಪಕ್ಕದ ಪಾತ್ರೆಯಲ್ಲಿ ತೇಲುವ ಹಂದಿ ಮಾಂಸದ ಉಂಡೆ, ಗೊಂಗ್‌ವಾನ್ ಜೊತೆ ತಿನ್ನುತ್ತಾರೆ. ಶಿಂಚು ಹೆಸರಾಗಿರುವುದು ಈ ಜೋಡಿಗೇ.

ಪೇಟೆಯಲ್ಲಿ ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಒಂದು ನಾತ ಬರುತ್ತದೆ. ಹಿಂದೆ ಸರಿಯಬೇಡಿ. ಅದು 'ಚೌ ದೌಫು', ನಾರುವ ತೋಫು, ಅಂದರೆ ಸೋಯಾ ಹಾಲಿನ ಪನೀರು. ಸೊಪ್ಪು ಸದೆ ಹುದುಗಿಸಿದ ಉಪ್ಪುನೀರಿನಲ್ಲಿ ತೋಫು ನೆನೆಹಾಕಿ, ಎಣ್ಣೆಯಲ್ಲಿ ಗರಿಯಾಗಿ ಕರಿದು, ಮೇಲೆ ಎಲೆಕೋಸಿನ ಹುಳಿ ಉಪ್ಪಿನಕಾಯಿ ಹಾಕಿ ಕೊಡುತ್ತಾರೆ. ಜೊತೆಯವರು ಮೂಗು ಮುಚ್ಚಿಕೊಂಡಾಗ ನನಗೆ ನೆನಪಾದದ್ದು ನಮ್ಮ ಅಟ್ಟದ ಕೆಳಗಿನ ಭರಣಿ. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿ ಮಳೆಗಾಲಕ್ಕೆ ಕಾದಿಡುವ ಮನೆಯವರಿಗೆ ಆ ವಾಸನೆ ಹೊಸದಲ್ಲ. ಕಳಲೆ ನೆನೆಹಾಕಿದ ಮೂರನೆಯ ದಿನದ ಪಾತ್ರೆ ತೆರೆದವರಿಗಂತೂ ಏನೇನೂ ಹೊಸದಲ್ಲ. ಹೊರಗೆ ಚಕ್ಕುಲಿಯ ಗರಿ, ಒಳಗೆ ಬೆಣ್ಣೆ. ಕೆಲವರ ಉಪ್ಪುನೀರಿಗೆ ಸಿಗಡಿಯೂ ಬೀಳುತ್ತದೆ, 'ಸು' ಹೌದೋ ಅಲ್ಲವೋ ಕೇಳಿಯೇ ತಿನ್ನಿ. ತೈಪೆಯ ಹೊರಗೆ ಶೆನ್‌ಕೆಂಗ್ ಎಂಬ ಊರಿನ ಹಳೇ ಬೀದಿ ತುಂಬ ತೋಫುವಿನದೇ ಅಂಗಡಿಗಳಿವೆ. ಒಂದು ಮಧ್ಯಾಹ್ನ ಅಲ್ಲಿಗಾಗಿಯೇ ಇಟ್ಟುಕೊಳ್ಳಿ.

ಬೆಳಗಿನ ತಿಂಡಿಗೆ ಹೋಟೆಲಿನ ಬ್ರೆಡ್ಡು ಬೇಡ. ಬೀದಿಯ ದೌಜ್ಯಾಂಗ್ ಅಂಗಡಿಗೆ ಹೋಗಿ. ಬಿಸಿ ಸೋಯಾ ಹಾಲು, ಅದ್ದಿ ತಿನ್ನಲು ಎಣ್ಣೆಯಲ್ಲಿ ಕರಿದ ಮೊಳದುದ್ದದ ಯೌಟ್ಯಾವ್, ಎಳ್ಳು ಉದುರಿಸಿ ಒಲೆಗೋಡೆಗೆ ಅಂಟಿಸಿ ಬೇಯಿಸಿದ ಶಾವ್‌ಬಿಂಗ್. (ಉಪ್ಪಿನ ದೌಜ್ಯಾಂಗ್‌ಗೆ ಒಣಸಿಗಡಿ ಹಾಕುತ್ತಾರೆ, ಸಸ್ಯಾಹಾರಿಗಳು ಸಿಹಿಯದ್ದನ್ನೇ ಕೇಳಿ.) ಈ ಗೋಧಿ ತಿಂಡಿಗಳು ಈ ದ್ವೀಪದವಲ್ಲ. ಇಲ್ಲಿಯವರು ಅನ್ನ ಮತ್ತು ಗೆಣಸು ತಿನ್ನುತ್ತಿದ್ದವರು. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತ ಸರ್ಕಾರದ ಜೊತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬಂದರು, ಅವರಲ್ಲಿ ಗೋಧಿ ತಿನ್ನುವ ಉತ್ತರದವರೂ ಇದ್ದರು. 1951ರಿಂದ 1965ರವರೆಗೆ ಅಮೆರಿಕದ ನೆರವಿನಲ್ಲಿ ಗೋಧಿಹಿಟ್ಟು ಬಂತು. ಸೈನ್ಯ ಬಿಟ್ಟವರಿಗೆ ಹೊಟ್ಟೆಪಾಡು ಬೇಕಿತ್ತು, ಹಿಟ್ಟು ಸಿಕ್ಕಿತು, ಅಮ್ಮ ಮಾಡುತ್ತಿದ್ದ ತಿಂಡಿ ನೆನಪಿತ್ತು. ತೈಪೆಯ ಹೊಳೆಯಾಚೆ ಯೊಂಗ್‌ಹ ಎಂಬಲ್ಲಿ ಅಂಥವರ ಅಂಗಡಿಗಳು ಎದ್ದವು. ಇಂದಿಗೂ ಎಲ್ಲೆಲ್ಲೋ ಇರುವ ಸೋಯಾ ಹಾಲಿನಂಗಡಿಗಳು ಆ ಹೆಸರನ್ನೇ ಹಾಕಿಕೊಳ್ಳುತ್ತವೆ.

ತೈವಾನಿನ ಹೆಸರಾಂತ ದನದ ಮಾಂಸದ ನೂಡಲ್ಸ್, ನ್ಯೂರೌ ಮ್ಯನ್, ಇದೇ ಜನರ ಕೈಯದು. ಖಾರದ ಬೀನ್ಸ್ ಕಾಳಿನ ಗೊಜ್ಜು ಹಾಕಿ ಕುದಿಸುವ ಆ ಸಾರನ್ನು ಚೀನಾದ ಸಿಚುವಾನಿನದು ಅನ್ನುತ್ತಾರೆ, ಆದರೆ ಇದೇ ರೂಪದಲ್ಲಿ ಅದು ಹುಟ್ಟಿದ್ದು ತೈವಾನಿನ ಸೈನಿಕ ಕುಟುಂಬಗಳ ಕೇರಿಗಳಲ್ಲಿ. ಊರಿನ ರುಚಿಯನ್ನು ನೆನಪಿನಿಂದ ಕಟ್ಟಿದ್ದು. ಅವರಿಗೆ ಊರಿಗೆ ಹೋಗಿ ಬಂಧುಗಳನ್ನು ನೋಡಿ ಬರಲು ಅನುಮತಿ ಸಿಕ್ಕಿದ್ದು 1987ರ ಕೊನೆಗೆ. ಮೂವತ್ತೆಂಟು ವರ್ಷ! ನಾನು ಎರಡು ವರ್ಷಕ್ಕೊಮ್ಮೆ ವಿಮಾನ ಹತ್ತಿ ಊರಿಗೆ ಹೋಗುವವಳು, ಆದರೂ ದೀಪಾವಳಿಯ ದಿನ ಹೋಳಿಗೆ ತಟ್ಟುವಾಗ ಕೈ ನಿಲ್ಲುತ್ತದೆ. ಆ ನೂಡಲ್ಸನ್ನು ನಾನು ತಿನ್ನಲಾರೆ. ಆದರೆ ಅಂಗಡಿಯ ಗಾಜಿನಾಚೆ ಬಟ್ಟಲಿಗೆ ಬಗ್ಗಿ ಕೂತ ಮುದುಕರನ್ನು ಕಂಡಾಗೆಲ್ಲ ಒಂದು ಕ್ಷಣ ನಿಂತೇ ಮುಂದೆ ಹೋಗುತ್ತೇನೆ. ಇನ್ನೊಂದು ಮಾತು: ಇಲ್ಲಿನ ಹಳೆಯ ರೈತ ಮನೆಗಳಲ್ಲಿ ಈ ಮಾಂಸ ಮುಟ್ಟದವರು ಇನ್ನೂ ಇದ್ದಾರೆ. ನನ್ನ ಸಹೋದ್ಯೋಗಿಯ ಅಜ್ಜಿ ಅಂಥವರು. ಜೀವಮಾನವಿಡೀ ಗದ್ದೆ ಉತ್ತ ಪ್ರಾಣಿಯನ್ನು ತಿನ್ನುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು.

ದಕ್ಷಿಣದ ತೈನಾನ್ ಹಳೆಯ ರಾಜಧಾನಿ. ಕಬ್ಬಿನ ನಾಡು, ಅಡುಗೆಯಲ್ಲೂ ಸಿಹಿ ಮುಂದು. ಅಲ್ಲಿನ 'ದಾನ್‌ಜೈ' ನೂಡಲ್ಸಿನ ಹೆಸರು ಬಂದದ್ದು ಹೆಗಲ ಮೇಲೆ ಹೊರುವ ಅಡ್ಡೆಯಿಂದ. ಚಂಡಮಾರುತದ ತಿಂಗಳುಗಳಲ್ಲಿ ದೋಣಿ ಕಡಲಿಗಿಳಿಯದು. ಮೀನುಗಾರರು ಆ ಕಾಲವನ್ನು 'ಸಣ್ಣ ತಿಂಗಳು' ಅನ್ನುತ್ತಾರೆ. ಅಂಥ ಸಣ್ಣ ತಿಂಗಳು ದಾಟಿಸಲು 1895ರಲ್ಲಿ ಒಬ್ಬ ಮೀನುಗಾರ ಅಡ್ಡೆಯ ಒಂದು ತುದಿಗೆ ಒಲೆ, ಇನ್ನೊಂದಕ್ಕೆ ಬಟ್ಟಲು ಕಟ್ಟಿಕೊಂಡು ಗುಡಿಯೆದುರು ನೂಡಲ್ಸ್ ಮಾರಿದ. ಅಂಗಡಿಗೆ ಅವನಿಟ್ಟ ಹೆಸರು 'ಸಣ್ಣ ತಿಂಗಳು ದಾಟುವುದು' ಎಂದೇ, ಅವನ ಮನೆತನ ಅದನ್ನು ಮುಂದುವರಿಸಿಕೊಂಡು ಬಂತು. ಮೇಲೊಂದು ಸಿಗಡಿ, ಸ್ವಲ್ಪ ಹಂದಿ ಕೀಮಾ, ಚಿಕ್ಕ ಬಟ್ಟಲು. ತಿನ್ನುವವರು ತಪ್ಪಿಸಿಕೊಳ್ಳಬೇಡಿ. ಹಾಗೆಯೇ ಗೆಣಸಿನ ಹಿಟ್ಟಿನ ಅಂಟಿನಲ್ಲಿ ಕಟ್ಟಿದ ಸಿಂಪಿಯ ಆಮ್ಲೆಟ್, ಅನ್ನದ ಮೇಲೆ ಹಾಕುವ ಹಂದಿ ಮಾಂಸದ ಲೂ ರೌ ಫಾನ್ ಕೂಡ. ಇವುಗಳ ರುಚಿಗೆ ನನ್ನ ಸಾಕ್ಷಿ ಇಲ್ಲ, ಪ್ರತಿ ಅಂಗಡಿಯೆದುರಿನ ಸಾಲೇ ಸಾಕ್ಷಿ.

ಸಿಹಿಗೆ ಬಂದರೆ ನನಗೆ ಹಿಡಿತವಿಲ್ಲ.

ಎಲ್ಲರೂ ಊರಿಗೆ ಒಯ್ಯುವ ಅನಾನಸ್ ಕೇಕು, ಫೆಂಗ್‌ಲಿ ಸು (ಈ 'ಸು' ಬೇರೆ, ಸಸ್ಯಾಹಾರದ್ದಲ್ಲ), ಹಳೆಯ ಬಗೆಯದರಲ್ಲಿ ಹೂರಣ ಬರೀ ಅನಾನಸಿನದಲ್ಲ. ಅನಾನಸಿಗೆ ಬೂದುಗುಂಬಳ ಬೆರೆಸಿ ಕಾಯಿಸಿದ್ದು! ಮೊದಲ ಸಲ ಕಚ್ಚಿದಾಗ ಮದುವೆಮನೆಯ ಕಾಶಿ ಹಲ್ವಾ ನಾಲಗೆಗೆ ಬಂದದ್ದು ಅದಕ್ಕೇ. ಇದೇ ಬೂದುಗುಂಬಳವನ್ನು ಸಕ್ಕರೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಇಟ್ಟಿಗೆಯಂತೆ ಗಟ್ಟಿ ಮಾಡಿ, ನೀರಿಗೆ ಕರಗಿಸಿ ತಂಪು ಪಾನಕ ಮಾಡುತ್ತಾರೆ. ಬೇಸಗೆಗೆ ಅದರಷ್ಟು ಹಿತ ಇನ್ನೊಂದಿಲ್ಲ. ಕಡಲೆಕಾಯಿಯ ಐಸ್‌ಕ್ರೀಂ ಸುರುಳಿ ಇನ್ನೊಂದು ಬೆರಗು. ಹಲಗೆಯಷ್ಟು ದೊಡ್ಡ ಕಡಲೆಕಾಯಿ ಮಿಠಾಯಿಯನ್ನು ಬಡಗಿಯ ಉಜ್ಜುಗೊರಡಿನಿಂದ ಹೆರೆದು, ತೆಳ್ಳಗಿನ ಗೋಧಿ ದೋಸೆಯ ಮೇಲೆ ಉದುರಿಸಿ, ಕೆಸುವಿನ ಗಡ್ಡೆಯ ಐಸ್‌ಕ್ರೀಮಿಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಹಾಕಿ ಮಡಚುತ್ತಾರೆ. ಕೊತ್ತಂಬರಿ ಬೇಡ ಅನ್ನಬೇಡಿ. ಅದಿಲ್ಲದೆ ಆ ತಿಂಡಿ ಪೂರ್ತಿಯಾಗುವುದಿಲ್ಲ. ತೈತುಂಗ್ ಕಡೆಗೆ ಹೋದರೆ ಸೀತಾಫಲ ತಿನ್ನಿ, ಅದಕ್ಕಿಲ್ಲಿ 'ಶಿಜ್ಯಾ' ಅನ್ನುತ್ತಾರೆ, ಅಂದರೆ ಶಾಕ್ಯ. ಸಿಪ್ಪೆಯ ಉಬ್ಬುಗಳು ಬುದ್ಧನ ತಲೆಯ ಗುಂಗುರು ಕೂದಲಿನ ಹಾಗೆ ಕಂಡದ್ದಕ್ಕೆ ಆ ಹೆಸರು. ನಮ್ಮಲ್ಲಿ ಸೀತೆಯ ಹೆಸರಿನ ಹಣ್ಣು ಇಲ್ಲಿ ಶಾಕ್ಯಮುನಿಯದು.

ಬಬಲ್ ಟೀ ಬಗ್ಗೆ ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ. 1980ರ ದಶಕದಲ್ಲಿ ಹುಟ್ಟಿದ್ದು. ತೈಚುಂಗ್‌ನ ಒಂದು ಟೀ ಅಂಗಡಿ, ತೈನಾನ್‌ನ ಇನ್ನೊಂದು, ಮೊದಲು ಮಾಡಿದ್ದು ನಾವೇ ಎಂದು ಕೋರ್ಟಿನವರೆಗೂ ಹೋದವು. ಆ ಕರಿ ಗುಳಿಗೆಗಳು ಮರಗೆಣಸಿನ ಹಿಟ್ಟಿನವು, ನಮ್ಮ ಸಬ್ಬಕ್ಕಿಯೂ ಅದರದೇ. ಪಾಯಸದಲ್ಲಿ ನಾವು ಸಬ್ಬಕ್ಕಿ ಕರಗುವಷ್ಟು ಬೇಯಿಸುತ್ತೇವೆ, ಇವರಿಗೆ ಅದು ಹಲ್ಲಿಗೆ ಪುಟಿಯಬೇಕು. ಆ ಪುಟಿತಕ್ಕೆ 'ಕ್ಯೂ' ಎಂದೇ ಶಬ್ದ ಇದೆ, ತುಂಬ ಚೆನ್ನಾಗಿದ್ದರೆ 'ಕ್ಯೂ ಕ್ಯೂ'. ಸಿಹಿ ಎಷ್ಟು ಎಂದು ಕೇಳುತ್ತಾರೆ: ಪೂರ್ತಿ, ಹತ್ತರಲ್ಲಿ ಏಳು ಭಾಗ, ಅರ್ಧ, ಮೂರು ಭಾಗ, ಇಲ್ಲವೇ ಇಲ್ಲ. ಮೂರು ಭಾಗವೇ ಸಾಕಾಗುತ್ತದೆ.

ತಿನ್ನಿ ಎಂದು ಹೇಳದ ಒಂದು ವಸ್ತುವಿನ ಬಗ್ಗೆಯೂ ಬರೆಯಬೇಕು. ಪಿಂಗ್‌ಟುಂಗ್ ಕಡೆಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ಅಡಿಕೆ ತೋಟ. ನನ್ನ ಎದೆ ಹೊಡೆದುಕೊಂಡಿತು. ಇಲ್ಲಿ ಅಡಿಕೆಯನ್ನು ಎಳೆಯದಾಗಿರುವಾಗಲೇ, ಹಸಿರಾಗಿರುವಾಗಲೇ, ಸುಣ್ಣ ಸವರಿ ವೀಳ್ಯದೆಲೆ ಸುತ್ತಿ ಅಗಿಯುತ್ತಾರೆ. ರಸ್ತೆ ಬದಿಯ ಗಾಜಿನ ಗೂಡಂಗಡಿಗಳಲ್ಲಿ ಅದರದೇ ಮಾರಾಟ. ತಂಬಾಕಿಲ್ಲದ ಕವಳವೂ ಬಾಯಿ ಕ್ಯಾನ್ಸರಿಗೆ ದಾರಿ ಎಂದು ಇಲ್ಲಿನ ಸರ್ಕಾರ ದಶಕಗಳಿಂದ ಹೇಳುತ್ತಿದೆ, ಅಡಿಕೆ ಕಡಿದು ಬೇರೆ ಬೆಳೆಯಿರಿ ಎಂದು ರೈತರಿಗೆ ನೆರವೂ ಕೊಡುತ್ತದೆ. ಅಡಿಕೆಯ ದುಡ್ಡಿನಲ್ಲೇ ಓದಿದ ನನಗೆ ಅದನ್ನು ಕೇಳುವುದು ಸುಲಭವಲ್ಲ, ಆದರೆ ಅದು ನಿಜ. ಹಾಗೆ ಕಡಿದ ಮರದ ತುದಿಯ ಎಳೆ ತಿರುಳನ್ನು ಇಲ್ಲಿ ಅಡುಗೆ ಮಾಡುತ್ತಾರೆ. ಹೆಸರು 'ಅರ್ಧ ಆಕಾಶದ ಕಳಲೆ'. ಒಂದು ತಟ್ಟೆ ಪಲ್ಯಕ್ಕೆ ಒಂದು ಮರ. ಒಮ್ಮೆ ಬಡಿಸಿದರು, ಒಂದು ತುತ್ತು ತಿಂದೆ. ತೆಂಗಿನ ಎಳೆ ತಿರುಳಿನ ಸಿಹಿ ಇತ್ತು. ಎರಡನೆಯ ತುತ್ತು ಎತ್ತಲಾಗಲಿಲ್ಲ.

ಕಳೆದ ವರ್ಷ ಬೇಸಗೆಯಲ್ಲಿ ಆಯಿ ಬಂದಿದ್ದಳು, ಒಂದು ತಿಂಗಳು. ಅವಳನ್ನು ಚ್ಯಾಯಿ ಕಡೆಗೆ, ಆಲಿಶಾನ್ ಬೆಟ್ಟದ ಬುಡಕ್ಕೆ ಕರೆದೊಯ್ದೆ. ಅಲ್ಲಿ ಒಂದು ಅಂಗಡಿಯಲ್ಲಿ ಮುದುಕಿಯೊಬ್ಬರು ಬಟ್ಟೆಯ ಗಂಟನ್ನು ನೀರಿನ ಪಾತ್ರೆಯಲ್ಲಿ ಅದ್ದಿ ಹಿಸುಕುತ್ತ ಕೂತಿದ್ದರು. ಗಂಟಿನೊಳಗೆ ಅತ್ತಿಯ ಜಾತಿಯ ಒಂದು ಬಳ್ಳಿಯ ಬೀಜ. ಹಿಸುಕಿದ ನೀರನ್ನು ಹಾಗೇ ಇಟ್ಟರೆ ಒಲೆಯಿಲ್ಲದೆ, ಏನೂ ಬೆರೆಸದೆ ಹೆಪ್ಪುಗಟ್ಟುತ್ತದೆ. ಅದೇ 'ಐಯು'. ಹಿಂದೆ ಒಬ್ಬ ವ್ಯಾಪಾರಿ ಬಿಸಿಲಲ್ಲಿ ಬಳಲಿ ಹಳ್ಳಕ್ಕಿಳಿದಾಗ ನೀರು ಹೆಪ್ಪಾಗಿದ್ದು ಕಂಡ, ಮೇಲಿನ ಬಳ್ಳಿಯ ಬೀಜ ಬಿದ್ದು ಹಾಗಾದದ್ದು ಎಂದು ತಿಳಿದು ಮನೆಗೆ ಒಯ್ದ, ಅವನ ಮಗಳು ಐಯು ಅದನ್ನು ಮಾರಿದಳು ಎಂದು ಕತೆ. ನಿಂಬೆರಸ, ಸಕ್ಕರೆ ಪಾಕ ಹಾಕಿ ಬಟ್ಟಲು ಕೊಟ್ಟರು. ಆಯಿ ಒಂದು ಚಮಚ ಬಾಯಿಗಿಟ್ಟವಳೇ ನನ್ನ ಮುಖ ನೋಡಿದಳು.

"ಇದು ನಮ್ಮನೆ ಹಾಡೆಬಳ್ಳಿ ಥರಾನೇ ಇದ್ದಲೆ!"

ಹೌದು. ಬೇಲಿಯ ಮೇಲಿನ ಹಾಡೆಬಳ್ಳಿಯ ಎಲೆಯನ್ನು ನೀರಲ್ಲಿ ಕಿವುಚಿ ಸೋಸಿಟ್ಟರೆ ಹೀಗೇ ಹೆಪ್ಪಾಗುತ್ತದೆ, ಅದು ಹಸಿರು, ಇದು ಜೇನಿನ ಬಣ್ಣ. ಬೆಲ್ಲ ಹಾಕಿ ಬೇಸಗೆ ರಜೆಯಲ್ಲಿ ತಿನ್ನಿಸುತ್ತಿದ್ದಳು. ಆಯಿ ಎದ್ದು ಹೋಗಿ ಆ ಮುದುಕಿಯ ಪಕ್ಕ ಕೂತಳು. ಒಬ್ಬರಿಗೆ ಕನ್ನಡ ಬರದು, ಇನ್ನೊಬ್ಬರಿಗೆ ಚೀನೀ ಬರದು. ಕೈಗೆ ಎಣ್ಣೆ ಪಸೆ ಇರಬಾರದು ಎಂದು 'ಅಮಾ' (ಇಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ) ಸನ್ನೆಯಲ್ಲಿ ತೋರಿಸಿದರು. ಆಯಿ ಕೈ ತೊಳೆದು ಬಂದು ಹಿಸುಕಿದಳು. ಅರ್ಧ ಗಂಟೆ ನಾನು ಹೊರಗೆ ನಿಂತಿದ್ದೆ, ಅವರಿಬ್ಬರಿಗೂ ನನ್ನ ಅಗತ್ಯವಿರಲಿಲ್ಲ. ಹೊರಡುವಾಗ ಒಣಗಿಸಿದ ಐಯು ಕಾಯಿಯ ಎರಡು ತುಂಡು ಕೊಂಡೆವು.

ಊರಿಗೆ ಮರಳಿದ ವಾರ ಆಯಿಯ ಫೋನು. "ಗಟ್ಟಿನೇ ಆಜಿಲ್ಲೆ." ಕೈ ತೊಳೆದಿದ್ದಳು, ಹದಿನೈದು ನಿಮಿಷ ಹಿಸುಕಿದ್ದಳು, ನೀರು ನೀರಾಗಿಯೇ ಉಳಿದಿತ್ತು. ಆ ಬೀಜದ ಅಂಟು ಹೆಪ್ಪಾಗಲು ನೀರಿನಲ್ಲಿ ಸುಣ್ಣದಂಶ ಬೇಕು, ನಮ್ಮ ಬಾವಿಯ ನೀರು ಮೆದು. ಕೆಳಗಿನ ಮನೆಯವರ ಬೋರ್‌ವೆಲ್ ನೀರು ಗಡಸು, ಪಾತ್ರೆಗೆ ಬಿಳಿ ಕಟ್ಟುವಂಥದ್ದು. ಅದರಲ್ಲಿ ಮಾಡಿ ನೋಡು ಎಂದೆ.

ಮರುದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೊ. ಸ್ಟೀಲ್ ಬಟ್ಟಲಿನಲ್ಲಿ ಜೇನುಬಣ್ಣದ ಐಯು, ಮೇಲೆ ಬೆಲ್ಲದ ತುರಿ, ಬಟ್ಟಲ ಕೆಳಗೆ ಬಾಳೆಲೆಯ ತುಂಡು. ಕೆಳಗಿನ ಮನೆಯ ಮಕ್ಕಳು ಸುತ್ತ ನಿಂತಿದ್ದರು, ಒಬ್ಬ ಆಗಲೇ ಬೆರಳು ಅದ್ದಿಯಾಗಿತ್ತು.